ಕೊಡತಿಯಿಂದ ಎರಡು ಸಲ

ನನ್ನ ಅಕ್ಕ ತಾನೇ ಕಂಡುಹಿಡಿದ ಕೆಲಸದ ಪರೀಕ್ಷೆಯಲ್ಲಿ ಫೇಲಾದಳು. ಅದೇ ಪರೀಕ್ಷೆಯಲ್ಲಿ ನಾನು ಪಾಸಾದೆ. ಇಷ್ಟು ಬರೆಯುವಷ್ಟರಲ್ಲೇ ನನಗೆ ಪಿತ್ತ ನೆತ್ತಿಗೇರುತ್ತಿದೆ. ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ನಡುವೆ ಯಾರನ್ನಾದರೂ ಬೈದರೆ ಅದು ಅವರಿಗೆ ಸಲ್ಲಬೇಕಾದದ್ದೇ ಎಂದು ತಿಳಿದುಕೊಳ್ಳಿ.

ನಾವು ಹಿತ್ತಾಳೆಯ ನಲ್ಲಿ ಮಾಡುವವರು. ನೀವು ಬೆಳಗ್ಗೆ ಎದ್ದು ತಿರುಗಿಸುವ ನಲ್ಲಿಯ ಹೊಟ್ಟೆಯೊಳಗೆ ಒಂದು ತೂತು ಇರುತ್ತದೆ. ಅದು ನಟ್ಟನಡುವೆ ಇದ್ದರೆ ನೀರು ನಿಲ್ಲುತ್ತದೆ, ಕೂದಲೆಳೆಯಷ್ಟು ಆಚೀಚೆ ಆದರೂ ಎಷ್ಟು ಬಿಗಿ ತಿರುಗಿಸಿದರೂ ತೊಟ್ಟಿಕ್ಕುತ್ತಲೇ ಇರುತ್ತದೆ. ಆ ತೂತು ಕೊರೆಯುವ ಹನ್ನೆರಡು ಮೆಷಿನ್‌ಗಳು ನಮ್ಮ ಶೆಡ್ಡಿನಲ್ಲಿ ಒಂದೇ ಸಾಲಿನಲ್ಲಿವೆ. ಹನ್ನೆರಡನೆಯದು, ಕಿಟಕಿಯ ಪಕ್ಕದ್ದು, ಇಪ್ಪತ್ತಾರು ವರ್ಷದಿಂದ ಅಕ್ಕನದು. ಅವಳಿಗಿಂತ ಎಂಟು ವರ್ಷ ದೊಡ್ಡವನಾದ ಮೇಸ್ತ್ರಿಯೂ ಅವಳನ್ನು ಅಕ್ಕಾ ಎಂದೇ ಕೂಗುತ್ತಾನೆ. ಒಡಹುಟ್ಟಿದ ತಮ್ಮ ನಾನೊಬ್ಬನೇ ಆದರೂ ಶೆಡ್ಡಿನಲ್ಲಿ ನನಗೆ ಮೂವತ್ತು ಜನ ಪಾಲುದಾರರು.

ಅವಳು ಅಲ್ಲಿಗೆ ಬಂದದ್ದು ಮೂರು ತಿಂಗಳ ಮಟ್ಟಿಗೆ. ಆ ಮೆಷಿನ್ನಿನಲ್ಲಿದ್ದ ನಮ್ಮ ಚಿಕ್ಕಮ್ಮನಿಗೆ ಹೆರಿಗೆ ಹತ್ತಿರವಾಗಿತ್ತು, ಬದಲಿಗೆ ಅಕ್ಕನನ್ನು ಕಳಿಸಿದರು. ಮೊದಲ ದಿನ ಆಗಿನ ಮೇಸ್ತ್ರಿ ಅವಳಿಗೆ ಕೊಟ್ಟ ತರಬೇತಿ ಇಷ್ಟು: “ಇದು ಆನು, ಇದು ಆಫು. ನಡೆಸು.” ನಡೆಸಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಎಡಗೈಯ ಉಂಗುರದ ಬೆರಳಿನ ತುದಿ, ಅರ್ಧ ಉಗುರಿನ ಸಮೇತ, ಹಿತ್ತಾಳೆಯ ಚೂರುಗಳ ಜೊತೆ ತಟ್ಟೆಗೆ ಬಿತ್ತು. ಚಿಕ್ಕಮ್ಮ ಕೆಲಸಕ್ಕೆ ಮತ್ತೆ ಬರಲೇ ಇಲ್ಲ. ಅಕ್ಕ ಗಾಯ ಒಣಗಿದ ಮಾರನೆಯ ದಿನವೇ ಬಂದು ನಿಂತಳು.

ಅವಳ ತರಬೇತಿ ಹುಟ್ಟಿದ್ದು ಆ ಬೆರಳಿನಿಂದ. ಹೊಸದಾಗಿ ಬಂದವರು ಯಾರೇ ಇರಲಿ, ಮೊದಲ ದಿನ ಅಕ್ಕನ ಪಕ್ಕದಲ್ಲಿ ಕೈ ಹಿಂದೆ ಕಟ್ಟಿಕೊಂಡು ನಿಲ್ಲಬೇಕು. ಏನನ್ನೂ ಮುಟ್ಟುವಂತಿಲ್ಲ. ಗಂಟೆಗೊಮ್ಮೆ ಅಕ್ಕ ತಿರುಗದೆಯೇ ಕೇಳುತ್ತಾಳೆ: “ಏನು ಕೇಳಿಸ್ತು?” ಬಿಟ್ಟು, ಅಂದರೆ ತೂತು ಕೊರೆಯುವ ಅಲಗು, ಮೊಂಡಾದರೆ ಅದು ಮುರಿಯುವ ಮೊದಲು ಸಣ್ಣಗೆ ಕುಂಯ್‌ಗುಟ್ಟುತ್ತದೆ, ಹಿತ್ತಾಳೆಯಲ್ಲಿ ಗಂಟಿದ್ದರೆ ಗರಗರ ಅನ್ನುತ್ತದೆ. ಕಿವಿಗೆ ಇಷ್ಟು ತಿಳಿದ ಮೇಲೆ ಎರಡನೆಯ ದಿನ ಕರೆಂಟು ತೆಗೆದು, ಮರದ ತುಂಡಿನ ಮೇಲೆ ಕೈಪಳಗಿಸುವುದು. ಮೂರನೆಯ ದಿನ ಹಿತ್ತಾಳೆ. ಸ್ವಂತ ತಮ್ಮ ಎಂದು ನನಗೆ ಒಂದು ಗಂಟೆಯೂ ರಿಯಾಯಿತಿ ಸಿಗಲಿಲ್ಲ. ನಾನು ಎರಡು ದಿನ ಕೈ ಕಟ್ಟಿಕೊಂಡು ನಿಂತವನು, ಯಾಕೆಂದರೆ ಮೊದಲ ದಿನ ನನಗೆ ಕ್ಯಾಂಟೀನಿನ ಪಾತ್ರೆಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಿರಲಿಲ್ಲ. ಅವಳ ಕೈಕೆಳಗೆ ಕಲಿತ ಒಬ್ಬರ ಬೆರಳೂ ಇವತ್ತಿನವರೆಗೆ ಹೋಗಿಲ್ಲ. ಇದಕ್ಕಾಗಿ ಯಾರೂ ಅವಳ ಬೆನ್ನು ತಟ್ಟಿದ್ದನ್ನೂ ನಾನು ನೋಡಿಲ್ಲ.

ಕೆಲಸವನ್ನು ಸಲೀಸು ಮಾಡುವುದು ಅವಳಿಗೆ ಒಂಥರಾ ಚಟ. ಬಿಟ್ಟು ಮೊಂಡಾದಾಗಲೆಲ್ಲ ಶೆಡ್ಡಿನ ಆ ತುದಿಯ ಸ್ಟೋರಿಗೆ ಅರವತ್ತೆರಡು ಹೆಜ್ಜೆ ನಡೆಯಬೇಕಿತ್ತು. ಅವಳು ಎಣಿಸಿದ್ದಳು. ಹಳೇ ಕಿಟಕಿಯ ಹಲಗೆಯಿಂದ ಒಂದು ಗೂಡು ಮಾಡಿಸಿ ಮೆಷಿನ್ನಿನ ಬೆನ್ನಿಗೇ ಹೊಡೆಸಿಕೊಂಡಳು. ಮುಗಿದ ಪೀಸುಗಳನ್ನು ಬಗ್ಗಿ ಬಗ್ಗಿ ಪೆಟ್ಟಿಗೆಗೆ ಹಾಕುವ ಬದಲು ತಗಡಿನ ಜಾರುಬಂಡಿ ಇಟ್ಟಳು. ಕಚ್ಚಾ ಮಾಲಿನ ಪೆಟ್ಟಿಗೆ ಎಲ್ಲಿ, ಮುಗಿದದ್ದು ಎಲ್ಲಿ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಟು ಎಳೆದಳು. ಮನೆಯಲ್ಲೂ ಹಾಗೇ. ಅಡುಗೆಮನೆಯಲ್ಲಿ ಸೌಟು ಕಣ್ಣು ಮುಚ್ಚಿ ಕೈ ಚಾಚಿದರೆ ಸಿಗಬೇಕು. “ನಿಮ್ಮಕ್ಕ ನನಗೂ ಸೀಮೆಸುಣ್ಣದಲ್ಲಿ ಜಾಗ ಗುರುತು ಮಾಡಿಟ್ಟಿದ್ದಾಳಪ್ಪ, ಗೀಟು ದಾಟೋ ಹಾಗಿಲ್ಲ” ಎಂದು ಭಾವ ಮೂಲೆಯ ಕುರ್ಚಿಯಲ್ಲಿ ಕೂತು ನಗುತ್ತಾರೆ.

ಅವಳು ಸರಿಪಡಿಸಲಾಗದೆ ಉಳಿದದ್ದು ಒಂದೇ. ಪೀಸನ್ನು ಕಚ್ಚಿ ಹಿಡಿಯಲು ಮೆಷಿನ್ನಿನಲ್ಲಿ ಎರಡು ಉಕ್ಕಿನ ತುಂಡುಗಳಿರುತ್ತವೆ, ನಾವು ಅದಕ್ಕೆ ದವಡೆ ಅನ್ನುತ್ತೇವೆ. ಹನ್ನೆರಡನೇ ಮೆಷಿನ್ನಿನ ಬಲದವಡೆ ಆರು ವರ್ಷದ ಹಿಂದೆಯೇ ಸವೆದಿತ್ತು. ಪೀಸು ಒಂದು ಬದಿಗೆ ತುಸು ಎದ್ದು ಕೂರುತ್ತಿತ್ತು. ಅಕ್ಕ ರಿಪೇರಿ ಪುಸ್ತಕದಲ್ಲಿ ಬರೆದಳು: ದವಡೆ ಬದಲಿಸಿ. ಮೇಸ್ತ್ರಿ ಓದಿ, “ನಡೀತಿದೆಯಲ್ಲಕ್ಕಾ, ನಡೆಸು” ಅಂದ. ಮತ್ತೆ ಬರೆದಳು. ಮತ್ತೆ ನಡೆಸು. ಕೊನೆಗೆ ಮನೆಯಿಂದ ಸುತ್ತಿಗೆಯಂಥ ಒಂದು ಮರದ ಕೊಡತಿ ತಂದಳು. ಪೀಸು ಬಿಗಿದ ಮೇಲೆ ಎದ್ದಿರುವ ಬದಿಗೆ ಮೆಲ್ಲಗೆ ಎರಡು ಸಲ ತಟ್ಟಿದರೆ ಸರಿಯಾಗಿ ಕೂರುತ್ತಿತ್ತು. ಟಕ್ ಟಕ್. ಆರು ವರ್ಷ, ದಿನಕ್ಕೆ ನಾಲ್ಕು ನೂರು ಪೀಸು, ಪ್ರತಿ ಪೀಸಿಗೂ ಎರಡು ಏಟು. ಒಂದು ಗೇಣುದ್ದದ ಉಕ್ಕು ತರಿಸಲಾರದ ಮಹಾನುಭಾವರಿಗಾಗಿ ಅವಳ ಭುಜ ಸವೆಯಿತು.

ಈ ವರ್ಷದ ಶುರುವಿಗೆ ಯಜಮಾನರಿಗೆ ಯಾರೋ ಹೇಳಿದರು, ಕೆಲಸದಲ್ಲಿ ದಕ್ಷತೆ ತರಬೇಕು ಎಂದು. ಒಬ್ಬ ಸಾಹೇಬ ಬಂದ. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ತೂಗುವ, ಒತ್ತಿದರೆ ನಿಲ್ಲುವ ಗಡಿಯಾರ. ನಾವು ಗಡಿಯಾರದ ಸಾಹೇಬ ಎಂದು ಹೆಸರಿಟ್ಟೆವು. ಅವನು ಹನ್ನೆರಡೂ ಮೆಷಿನ್‌ಗಳ ಲೆಕ್ಕ ನೋಡಿದ. ಅಕ್ಕನ ಮೆಷಿನ್ನಿನಲ್ಲಿ ಕೆಟ್ಟ ಪೀಸು ಎಲ್ಲರಿಗಿಂತ ಕಡಿಮೆ, ಕೆಲಸ ಎಲ್ಲರಿಗಿಂತ ಬೇಗ. ಒಂಬತ್ತು ದಿನ ಅವಳ ಬೆನ್ನ ಹಿಂದೆ ನಿಂತು ಗಡಿಯಾರ ಒತ್ತಿದ, ಬರೆದುಕೊಂಡ. ಗೂಡು ಬರೆದುಕೊಂಡ, ಜಾರುಬಂಡಿ ಬರೆದುಕೊಂಡ, ಸೀಮೆಸುಣ್ಣದ ಗೀಟನ್ನೂ ಅಳೆದು ಬರೆದುಕೊಂಡ. ಕೊಡತಿಯನ್ನೂ ಬರೆದುಕೊಂಡ.

ಆಗ ನಾನು ನಾಲ್ಕನೇ ಮೆಷಿನ್ನಿನಲ್ಲಿದ್ದೆ. ಊಟಕ್ಕೆ ಹೋಗುತ್ತಾ ಈ ಮಾತು ನನ್ನ ಕಿವಿಯಾರೆ ಕೇಳಿದೆ.

“ಅದು ಬರೀಬೇಡಿ ಸಾರ್” ಅಂದಳು ಅಕ್ಕ. “ತಟ್ಟೋದು ಕೆಲಸ ಅಲ್ಲ. ಅದು ಈ ಮೆಷಿನ್ನಿನ ರೋಗ. ದವಡೆ ಸವೆದಿದೆ.”

ಸಾಹೇಬ ನಕ್ಕ. “ನೋಡೀಮ್ಮಾ, ಹನ್ನೆರಡು ಜನದಲ್ಲಿ ನೀವೊಬ್ಬರೇ ತಟ್ಟೋದು. ಕೆಟ್ಟ ಪೀಸು ಕಡಿಮೆ ಇರೋದೂ ನಿಮ್ಮದೊಂದೇ. ಹಾಗಾದ್ರೆ ಕಾರಣ ಯಾವುದು ಅಂತ ನೀವೇ ಹೇಳಿ.”

“ದವಡೆ ಸರಿ ಇರೋ ಕಡೆ ತಟ್ಟಿದ್ರೆ ಪೀಸು ಜರುಗತ್ತೆ ಸಾರ್.”

“ಅದನ್ನೆಲ್ಲ ನಾವು ನೋಡ್ಕೋತೀವಿ. ನೀವು ನಿಮ್ಮ ಪಾಡಿಗೆ ಕೆಲಸ ಮಾಡಿ.”

ಅಕ್ಕ ಪಕ್ಕದಲ್ಲಿದ್ದ ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ಮೇಲ್ಛಾವಣಿ ನೋಡಿದ. ಅಲ್ಲಿ ಅವನಿಗೆ ಏನು ಕಾಣುತ್ತಿತ್ತೋ ದೇವರಿಗೇ ಗೊತ್ತು. ಅವನು ದವಡೆ ಸವೆದಿದೆ ಅಂದರೆ ಆರು ವರ್ಷದ ತನ್ನ ಸೋಮಾರಿತನ ಬಯಲಿಗೆ ಬರುತ್ತಿತ್ತು. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡ.

ಒಂದು ತಿಂಗಳಿಗೆ ಹೊಳೆಯುವ ರಟ್ಟಿನ ಪುಸ್ತಕ ಬಂತು, ಮೇಲೆ ಸಾಹೇಬನ ಫೋಟೋ. ಒಳಗೆ ಅಕ್ಕನ ಗೂಡು, ಅಕ್ಕನ ಜಾರುಬಂಡಿ, ಅಕ್ಕನ ಗೀಟು. ಅಕ್ಕನ ಹೆಸರು ಮಾತ್ರ ಎಲ್ಲೂ ಇಲ್ಲ. ಮೂರು ದಿನದ ಅವಳ ಪಾಠವನ್ನು “ಕೂಲಿ ದಂಡ” ಎಂದು ಕೊಯ್ದು ಹಾಕಿ ಅರ್ಧ ದಿನದ ವಿಡಿಯೋ ಮಾಡಿದ್ದರು. ಏಳನೇ ಹೆಜ್ಜೆ ಹೀಗಿತ್ತು: ಪೀಸು ಬಿಗಿದ ನಂತರ ಕೊಡತಿಯಿಂದ ಎರಡು ಸಲ ತಟ್ಟುವುದು. ಎಲ್ಲ ಮೆಷಿನ್ನಿಗೂ ಒಂದೊಂದು ಹೊಸ ಕೊಡತಿ ಬಂತು, ಹಳದಿ ಬಣ್ಣ ಬಳಿದದ್ದು, ನೇತುಹಾಕಲು ಕೊಕ್ಕೆ ಸಮೇತ. ಹನ್ನೆರಡು ಕೊಡತಿ ತರಿಸಿದರು, ಒಂದು ದವಡೆ ತರಿಸಲಿಲ್ಲ. ಇದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಆಮೇಲೆ ಪರೀಕ್ಷೆ. ಪಾಸಾದವರು ಮಾತ್ರ ಮೆಷಿನ್ ಮುಟ್ಟಬಹುದು, ಫೇಲಾದವರು ಪ್ಯಾಕಿಂಗಿಗೆ. ಕ್ಯಾಂಟೀನಿನ ಮೇಜುಗಳನ್ನು ದೂರ ದೂರ ಎಳೆದು, ಮೆಷಿನ್ನಿನವರು ಪ್ಯಾಕಿಂಗಿನವರು ಎನ್ನದೆ ನಮ್ಮನ್ನೆಲ್ಲ ಶಾಲೆಮಕ್ಕಳ ಹಾಗೆ ಕೂರಿಸಿದರು. ನನ್ನ ಮುಂದಿನ ಮೇಜಿನಲ್ಲಿ ಅಕ್ಕ. ಇಪ್ಪತ್ತು ಪ್ರಶ್ನೆ, ಅದರಲ್ಲಿ ಐದಕ್ಕೆ ನಕ್ಷತ್ರದ ಗುರುತು. ನಕ್ಷತ್ರದ್ದು ಒಂದು ತಪ್ಪಿದರೂ ಫೇಲು. ಹದಿನೇಳನೇ ಪ್ರಶ್ನೆಗೆ ನಕ್ಷತ್ರವಿತ್ತು: ಪೀಸು ಬಿಗಿದ ನಂತರ ಕೊಡತಿಯಿಂದ ಎಷ್ಟು ಸಲ ತಟ್ಟಬೇಕು?

ಅಕ್ಕನ ಪೆನ್ನು ನಿಂತಿತು. ತುದಿಯಿಲ್ಲದ ಬೆರಳಿನಿಂದ ಮೇಜನ್ನು ಸವರುತ್ತಾ ತುಂಬ ಹೊತ್ತು ಕೂತಳು. ನನಗೆ ಉತ್ತರ ಗೊತ್ತಿತ್ತು. ಎರಡು ಉತ್ತರಗಳೂ ಗೊತ್ತಿದ್ದವು, ಪುಸ್ತಕದ್ದು ಒಂದು, ನಿಜದ್ದು ಇನ್ನೊಂದು. ನಾನು ಜಾಣ. ಎರಡು ಎಂದು ಬರೆದೆ, ಕೆಳಗೊಂದು ಗೆರೆಯನ್ನೂ ಎಳೆದೆ. ಅಲ್ಲಿ ಕೂತ ಮೂವತ್ತೊಂದು ಜನರಲ್ಲಿ ಮೂವತ್ತು ಜನ ಹಾಗೇ ಬರೆದೆವು. ಅಕ್ಕ ಬರೆದದ್ದು ಆಮೇಲೆ ನೋಟೀಸು ಬೋರ್ಡಿನ ಹತ್ತಿರ ಎಲ್ಲರಿಗೂ ಗೊತ್ತಾಯಿತು: “ಒಂದು ಸಲವೂ ಬೇಡ. ದವಡೆ ಬದಲಿಸಿ.” ಅದರ ಮೇಲೆ ಕೆಂಪು ಶಾಯಿಯ ಅಡ್ಡಗೀಟು.

ಮಾರನೆಯ ದಿನ ಅಕ್ಕನನ್ನು ಪ್ಯಾಕಿಂಗಿಗೆ ಕಳಿಸಿದರು. ಪೂರ್ತಿ ಅಂಕ ತೆಗೆದವನೆಂದು ನನಗೆ ಹನ್ನೆರಡನೇ ಮೆಷಿನ್ನು ಕೊಟ್ಟರು, ಜೊತೆಗೆ ತರಬೇತುದಾರ ಎಂದು ಒಂದು ಬಿಲ್ಲೆ. ನಾನು ಬೇಡ ಅನ್ನಲಿಲ್ಲ. ಬೇಡ ಅಂದರೆ ಬೇರೆಯವರಿಗೆ ಕೊಡುತ್ತಾರೆ, ಮನೆಯವರ ಕೈಯಲ್ಲೇ ಇರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಹೇಡಿಗೆ ಸಬೂಬು ಹುಡುಕುವುದನ್ನು ಯಾರೂ ಕಲಿಸಬೇಕಿಲ್ಲ.

ಆ ಭಾನುವಾರ ಅಕ್ಕನ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು. ಭಾವ ಕುರ್ಚಿ ಬಿಟ್ಟು ಎದ್ದು ಗೀಟು ದಾಟಿ ಓಡಾಡುತ್ತಿದ್ದರು.

“ಇಪ್ಪತ್ತಾರು ವರ್ಷ ದುಡಿದೋಳಿಗೆ ಡಬ್ಬ ಅಂಟಿಸೋ ಕೆಲಸ! ಬಿಟ್ಟು ಬಾ ಅಂದ್ರೆ ಕೇಳಲ್ಲ ಇವಳು. ನೀನಾದ್ರೂ ಹೇಳೋ.”

“ಬಿಟ್ಟು ಬಂದ್ರೆ ಆ ವಿಡಿಯೋ ನೋಡ್ಕೊಂಡು ಬಂದೋರ ಬೆರಳು ಯಾರು ಕಾಯ್ತಾರೆ?” ಅಂದಳು ಅಕ್ಕ. ಆಮೇಲೆ ಚಾಕು ನಿಲ್ಲಿಸದೆಯೇ ನನ್ನನ್ನು ಕೇಳಿದಳು: “ಹದಿನೇಳಕ್ಕೆ ನೀನೇನು ಬರೆದೆ?”

“ನೆನಪಿಲ್ಲಕ್ಕಾ” ಅಂದೆ.

ಅವಳು ಕಣ್ಣೊರೆಸಿಕೊಂಡಳು, ಈರುಳ್ಳಿಗೋ ನನಗೋ ತಿಳಿಯಲಿಲ್ಲ. ಊಟ ಹಾಕಿದಳು, ತಿಂದು ಬಂದೆ.

ಮುಂದೆ ಆದದ್ದು ಯಾರಾದರೂ ಊಹಿಸಬಹುದಾದದ್ದೇ. ಸರಿಯಾಗಿ ಕೂತ ಪೀಸನ್ನು ಹನ್ನೊಂದು ಮೆಷಿನ್ನಿನವರು ದಿನವಿಡೀ ತಟ್ಟಿ ತಟ್ಟಿ ಜರುಗಿಸಿದರು. ತೂತುಗಳು ನಡು ಬಿಟ್ಟವು. ಮೂರನೇ ವಾರಕ್ಕೆ ಅಂಗಡಿಗಳಿಂದ ಸೋರುವ ನಲ್ಲಿಗಳು ಪೆಟ್ಟಿಗೆ ಪೆಟ್ಟಿಗೆ ವಾಪಸು ಬಂದವು. ಸಾಹೇಬ ತಲೆ ಕೆರೆದುಕೊಂಡು ಒಂದು ತೀರ್ಮಾನಕ್ಕೆ ಬಂದ: ಕೆಲಸಗಾರರು ತಟ್ಟುವುದು ಸಾಲದು! ಮತ್ತೆ ಕ್ಯಾಂಟೀನಿನಲ್ಲಿ ತರಗತಿ ನಡೆಯಿತು. ಮದುವೆಯಾಗಿ ಮಕ್ಕಳಿರುವ ಮೂವತ್ತು ಜನ ಸರದಿಯ ಮೇಲೆ ಹಳದಿ ಕೊಡತಿ ಹಿಡಿದು ಸಾಹೇಬನ ತಾಳಕ್ಕೆ ಮೇಜು ತಟ್ಟಿದೆವು. ಟಕ್ ಟಕ್. ಟಕ್ ಟಕ್. ಯಾರಿಗೂ ನಗು ಬರಲಿಲ್ಲ.

ಅತ್ತ ಹನ್ನೆರಡನೇ ಮೆಷಿನ್ನಿನಲ್ಲಿ ನನ್ನ ಪೀಸುಗಳೆಲ್ಲ ಸೊಗಸಾಗಿ ಬರುತ್ತಿದ್ದವು. ಬರದೇನು, ಸವೆದ ದವಡೆ ಇದ್ದದ್ದು ಅಲ್ಲಿ ಮಾತ್ರ. ತಟ್ಟುವುದರಲ್ಲಿ ಇವನಂತೆ ಯಾರೂ ಇಲ್ಲ ಎಂದು ನನ್ನ ಫೋಟೋ ಬಾಗಿಲ ಬಳಿ ಅಂಟಿಸಿದರು, ತಿಂಗಳ ಉತ್ತಮ ಕೆಲಸಗಾರ. ದಿನಾ ಬೆಳಗ್ಗೆ ಆ ಹಲ್ಲುಕಿರಿದ ಮುಖದ ಮುಂದೆ ಹಾದುಹೋಗಬೇಕು. ಒಂದು ದಿನವೂ ನಾನು ಯಜಮಾನರ ಕೋಣೆಗೆ ಹೋಗಿ ನಿಜ ಹೇಳಲಿಲ್ಲ. ನನಗೆ ಸಾಹೇಬನ ಮೇಲಿರುವ ಸಿಟ್ಟಿಗಿಂತ ಆ ಫೋಟೋದಲ್ಲಿರುವವನ ಮೇಲೆ ಒಂದು ಕೈ ಹೆಚ್ಚೇ ಸಿಟ್ಟಿದೆ.

ಕೊನೆಗೆ ಯಜಮಾನರೇ ಪ್ಯಾಕಿಂಗಿಗೆ ಹೋದರು, ಕೆಟ್ಟ ಮಾಲು ಅಲ್ಲಿಂದ ಹೇಗೆ ದಾಟಿತು ಎಂದು ಕೂಗಾಡಲು. ಹಿಂದೆ ಸಾಹೇಬ, ಮೇಸ್ತ್ರಿ. ತರಬೇತುದಾರನೆಂದು ನಾನೂ ಹೋಗಬೇಕಾಯಿತು. ಅಲ್ಲಿ ಗೋಡೆಗುಂಟ ಹನ್ನೆರಡು ಪೆಟ್ಟಿಗೆಗಳು ಸಾಲಾಗಿದ್ದವು. ಪ್ರತಿಯೊಂದರ ಮೇಲೂ ಸೀಮೆಸುಣ್ಣದಲ್ಲಿ ಮೆಷಿನ್ನಿನ ಸಂಖ್ಯೆ. ತನ್ನ ಕೈಗೆ ಬಂದ ಒಂದೊಂದು ಪೀಸನ್ನೂ ಅಕ್ಕ ಕಿಟಕಿಯ ಬೆಳಕಿಗೆ ಹಿಡಿದು, ಕೆಟ್ಟದ್ದನ್ನು, ಅದು ಬಂದ ಟ್ರೇಯ ಚೀಟಿ ನೋಡಿ, ಅದರ ಮೆಷಿನ್ನಿನ ಪೆಟ್ಟಿಗೆಗೆ ಹಾಕಿದ್ದಳು. ಯಾರೂ ಹೇಳಿರಲಿಲ್ಲ. ಉಳಿದ ಮೇಜಿನವರಿಂದ ದಾಟಿದ ಮಾಲೇ ವಾಪಸು ಬಂದದ್ದು. ಒಂದರಿಂದ ಹನ್ನೊಂದರವರೆಗಿನ ಪೆಟ್ಟಿಗೆಗಳು ತುಂಬಿ ತುಳುಕುತ್ತಿದ್ದವು. ಹನ್ನೆರಡನೆಯದರಲ್ಲಿ ತಳ ಕಾಣುತ್ತಿತ್ತು.

ಯಜಮಾನರು ಪೆಟ್ಟಿಗೆಗಳನ್ನು ನೋಡಿದರು, ಅಕ್ಕನನ್ನು ನೋಡಿದರು. “ಏನಮ್ಮ ಇದು?”

“ತಟ್ಟಬಾರದ ಕಡೆ ತಟ್ಟಿದ್ದು ಸಾರ್. ಹನ್ನೊಂದು ದವಡೆ ಸರಿಯಾಗಿವೆ, ಒಂದು ಸವೆದಿದೆ. ಸವೆದಿದ್ದಕ್ಕೆ ಮಾಡೋ ಆರೈಕೇನ ಸರಿ ಇರೋದಕ್ಕೆಲ್ಲ ಮಾಡಿಸಿದ್ರು.”

“ಮೊದಲೇ ಯಾಕೆ ಹೇಳಲಿಲ್ಲ?”

ಆ ಮಾತು ಕೇಳಿ ನನ್ನ ಕಿವಿ ಕಾದವು. ಅಕ್ಕ ಮಾತ್ರ ದನಿ ಏರಿಸಲಿಲ್ಲ. ಕೈಯ ಗೋಂದನ್ನು ಸೆರಗಿಗೆ ಒರೆಸಿಕೊಂಡು ಮೇಸ್ತ್ರಿಯ ಕಡೆ ತಿರುಗಿದಳು. “ರಿಪೇರಿ ಪುಸ್ತಕ ತನ್ನಿ.”

ಮೇಸ್ತ್ರಿ ಕಾಲೆಳೆದುಕೊಂಡು ಹೋಗಿ ತಂದ. ಯಜಮಾನರು ನಿಂತಲ್ಲೇ ಹಾಳೆ ತಿರುವಿದರು. ಆರು ವರ್ಷದಲ್ಲಿ ಹದಿನಾಲ್ಕು ಸಲ ಒಂದೇ ಕೈಬರಹ: ಹನ್ನೆರಡು, ಬಲದವಡೆ ಸವೆದಿದೆ, ಬದಲಿಸಿ. ಪಕ್ಕದಲ್ಲಿ ಹದಿನಾಲ್ಕು ಸಲ ಮೇಸ್ತ್ರಿಯ ಸಹಿ. ಸಾಹೇಬ ಕೊರಳ ಗಡಿಯಾರವನ್ನು ಜೇಬಿಗೆ ಹಾಕಿಕೊಂಡ.

“ಮೇಸ್ತ್ರಿ, ನೀನು ಆಮೇಲೆ ನನ್ನ ಕೋಣೆಗೆ ಬಾ” ಅಂದರು ಯಜಮಾನರು. “ಇವತ್ತೇ ದವಡೆ ಹಾಕಿಸು. ಈ ಅಮ್ಮನ್ನ ಮೆಷಿನ್ನಿಗೆ ಕಳಿಸು.”

ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಸಾಹೇಬ ಗಂಟಲು ಸರಿಮಾಡಿಕೊಂಡ. “ಸಾರ್, ಒಂದು ನಿಯಮ ಇದೆ. ಫೇಲಾದವರು ಮೆಷಿನ್ನಿಗೆ ವಾಪಸು ಬರಬೇಕಾದ್ರೆ ಆ ಮೆಷಿನ್ನಿನ ತರಬೇತುದಾರರ ಕೈಕೆಳಗೆ ಹದಿನೈದು ದಿನ ಕಲೀಬೇಕು. ದಿನಾ ಕಾರ್ಡಿಗೆ ಸಹಿ ಆಗಬೇಕು.”

ಯಜಮಾನರು ಆಗಲೇ ಬಾಗಿಲ ಹತ್ತಿರ ಹೋಗಿದ್ದರು. “ನಿಯಮ ಇದ್ರೆ ಹಾಗೇ ಮಾಡಿ” ಅಂದು ಹೊರಟೇ ಹೋದರು.

ಹನ್ನೆರಡನೇ ಮೆಷಿನ್ನಿನ ತರಬೇತುದಾರ ಎಂದರೆ ನಾನು.

ಹೊಸ ದವಡೆ ಕೂರಿಸಲು ಹಿಡಿದದ್ದು ಇಪ್ಪತ್ತು ನಿಮಿಷ. ನಾನೇ ಗೋಡೆಯ ಗಡಿಯಾರ ನೋಡಿದೆ. ಆರು ವರ್ಷ ಬೇಡಿದ್ದು ಇಪ್ಪತ್ತೇ ನಿಮಿಷದ ಕೆಲಸ.

ಮಾರನೆಯ ಬೆಳಗ್ಗೆ ಅಕ್ಕ ಬಂದಳು. ಮೇಸ್ತ್ರಿ ನನ್ನ ಕೈಗೆ ಕಾರ್ಡು ಕೊಟ್ಟು ಕಣ್ಣು ತಪ್ಪಿಸಿ ಹೋದ. ಮೇಲ್ಗಡೆ ತರಬೇತುದಾರ ಎಂದು ನನ್ನ ಹೆಸರು, ಕೆಳಗೆ ಕಲಿಯುವವರು ಎಂದು ಅವಳ ಹೆಸರು, ಸಹಿಗೆ ಹದಿನೈದು ಚೌಕ. ಹನ್ನೊಂದು ಮೆಷಿನ್ನಿನವರೂ ಕೆಲಸ ಮಾಡುವಂತೆ ನಟಿಸುತ್ತಾ ನಮ್ಮನ್ನೇ ನೋಡುತ್ತಿದ್ದರು. ಅಕ್ಕ ಸೀದಾ ಹೋಗಿ, ಹೊಸಬರು ನಿಲ್ಲುವ ಜಾಗದಲ್ಲಿ, ತಾನೇ ಎಳೆದ ಗೀಟಿನ ಆಚೆ, ಕೈ ಹಿಂದೆ ಕಟ್ಟಿಕೊಂಡು ನಿಂತಳು. ನನಗೆ ಕಾಲ ಕೆಳಗಿನ ನೆಲ ಬಾಯಿ ತೆರೆಯಬಾರದೇ ಅನ್ನಿಸಿತು.

“ಅಕ್ಕಾ, ಇದೆಲ್ಲ ಬೇಡ” ಅಂದೆ.

“ನಿಯಮ. ನಡೆಸು.”

ಪೀಸು ಎತ್ತಿದೆ, ಹೊಸ ದವಡೆಯ ನಡುವೆ ಇಟ್ಟೆ, ಬಿಗಿದೆ. ಅಂಗೈಯಷ್ಟು ಸಪಾಟಾಗಿ ಕೂತಿತು. ಆಮೇಲೆ ನಾನು ಮಾಡಿದ್ದು ನನಗೇ ತಿಳಿಯಲಿಲ್ಲ. ಕೈ ತಾನಾಗಿಯೇ ಕೊಕ್ಕೆಗೆ ಹೋಯಿತು, ಹಳದಿ ಕೊಡತಿ ತೆಗೆಯಿತು, ತಟ್ಟಿತು. ಟಕ್ ಟಕ್.

ಸಾಲಿನಲ್ಲಿ ಒಬ್ಬೊಬ್ಬರೇ ಮೆಷಿನ್ ನಿಲ್ಲಿಸಿದರು.

ಅಕ್ಕ ಮುಂದೆ ಬಂದಳು. ಪೀಸನ್ನು ಸಡಿಲಿಸಿ ಹೊರಗೆ ತೆಗೆದಳು. ನನ್ನ ಕೈಯಿಂದ ಕೊಡತಿ ತೆಗೆದುಕೊಂಡು ಕಸದ ಡಬ್ಬಕ್ಕೆ ಹಾಕಿದಳು.

“ನೆನಪಿಲ್ಲ ಅಂದಿದ್ದೆ” ಅಂದಳು, ನನ್ನ ಮುಖ ನೋಡುತ್ತಾ. “ನಿನ್ನ ಕೈಗೆ ಚೆನ್ನಾಗಿ ನೆನಪಿದೆ.”

ಹೇಳಬೇಕಾದ್ದನ್ನು ಹೇಳುವ ದಿನ ಕ್ಯಾಂಟೀನಿನಲ್ಲೇ ಕಳೆದುಹೋಗಿತ್ತು. ಕಾರ್ಡನ್ನು ಅವಳಿಗೆ ಕೊಟ್ಟೆ, ಬಿಲ್ಲೆಯನ್ನು ಬಿಚ್ಚಿ ಅದರ ಮೇಲಿಟ್ಟೆ. ಅವಳು ಪೆನ್ನು ತೆಗೆದು ಕಾರ್ಡಿನಲ್ಲಿ ಮೇಲಿದ್ದ ಹೆಸರನ್ನೂ ಕೆಳಗಿದ್ದ ಹೆಸರನ್ನೂ ಹೊಡೆದು ಹಾಕಿ, ಅದಲು ಬದಲು ಮಾಡಿ ಬರೆದಳು. ಆಮೇಲೆ ಮೆಷಿನ್ನಿನ ಮುಂದೆ ತನ್ನ ಜಾಗದಲ್ಲಿ ನಿಂತು ಸ್ವಿಚ್ಚಿನ ಮೇಲೆ ಕೈಯಿಟ್ಟಳು. ನನ್ನ ಕಡೆ ತಿರುಗಲಿಲ್ಲ.

“ಕೈ ಹಿಂದೆ ಕಟ್ಕೋ” ಅಂದಳು.

ಕಟ್ಟಿಕೊಂಡು ಗೀಟಿನ ಆಚೆ ನಿಂತೆ.